ಅನಾ ಇವಾನೊವಿಚ್: ಹನ್ನೆರಡು ವಾರಗಳ ಪಟ್ಟ, ಹದಿಮೂರು ವರ್ಷಗಳ ಆಟ

ಅನಾ ಇವಾನೊವಿಚ್ ಸರ್ಬಿಯಾದ ನಿವೃತ್ತ ಟೆನಿಸ್ ಆಟಗಾರ್ತಿ. ಜನನ 1987ರ ನವೆಂಬರ್ 6, ಬೆಲ್‌ಗ್ರೇಡ್. 2008ರ ಫ್ರೆಂಚ್ ಓಪನ್ ಚಾಂಪಿಯನ್. ಅದೇ ವರ್ಷ ಒಟ್ಟು 12 ವಾರಗಳ ಕಾಲ ಮಹಿಳೆಯರ ವಿಶ್ವ ಕ್ರಮಾಂಕ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿದ್ದರು. ವೃತ್ತಿಪರ ಜೀವನದಲ್ಲಿ ಗಳಿಸಿದ ಸಿಂಗಲ್ಸ್ ಪ್ರಶಸ್ತಿಗಳು 15. ಸ್ವತಂತ್ರ ಸರ್ಬಿಯಾದ ಧ್ವಜದಡಿ ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್ ಪ್ರಶಸ್ತಿ ಗೆದ್ದ ಮೊದಲ ಮಹಿಳೆ ಇವರೇ.

ಆದರೆ ಇವರ ಹೆಸರು ಬಂದಾಗಲೆಲ್ಲ ಕ್ರೀಡಾ ಪುಟಗಳಲ್ಲಿ ಎರಡು ಆಕ್ಷೇಪಗಳೂ ಜೊತೆಗೇ ಬರುತ್ತಿದ್ದವು. ಜಸ್ಟಿನ್ ಹೆನಿನ್ ದಿಢೀರನೆ ನಿವೃತ್ತರಾದುದರಿಂದ ತೆರವಾದ ಪೀಠದ ಮೇಲೆ ಇವರು ಕುಳಿತರು ಎಂಬುದು ಒಂದು. ಇಪ್ಪತ್ತನೆಯ ವಯಸ್ಸಿನಲ್ಲಿ ಶಿಖರ ಮುಟ್ಟಿ, ಉಳಿದ ಎಂಟು ವರ್ಷ ಕೇವಲ ಇಳಿಯುತ್ತಲೇ ಹೋದರು ಎಂಬುದು ಇನ್ನೊಂದು. ಅಂಕಿಅಂಶಗಳನ್ನು ಸಾವಧಾನದಿಂದ ನೋಡಿದರೆ ಮೊದಲನೆಯದು ನಿಲ್ಲುವುದಿಲ್ಲ. ಎರಡನೆಯದು ಅರ್ಧ ಮಾತ್ರ ನಿಜ.

ಈಜುಕೊಳದಲ್ಲಿ ಟೆನಿಸ್

ತಂದೆ ಮಿರೊಸ್ಲಾವ್ ಉದ್ಯಮಿ, ತಾಯಿ ಡ್ರಾಗಾನಾ ವಕೀಲೆ. ಮನೆಯಲ್ಲಿ ಟೆನಿಸ್ ಆಡಿದವರು ಯಾರೂ ಇರಲಿಲ್ಲ. ಆ ದಿನಗಳಲ್ಲಿ ದೂರದರ್ಶನದ ಪರದೆಯ ಮೇಲೆ ಮೋನಿಕಾ ಸೆಲೆಸ್ ಇದ್ದರು. ಯುಗೊಸ್ಲಾವಿಯಾದ ನೋವಿ ಸಾದ್ ನಗರದಲ್ಲಿ ಹುಟ್ಟಿ, 16ನೇ ವಯಸ್ಸಿನಲ್ಲಿ 1990ರ ಫ್ರೆಂಚ್ ಓಪನ್ ಗೆದ್ದ ಸೆಲೆಸ್ ಅಲ್ಲಿನ ಒಂದು ಇಡೀ ಪೀಳಿಗೆಯ ಮಕ್ಕಳಿಗೆ ಮಾದರಿಯಾಗಿದ್ದರು. ಊರಿನ ಟೆನಿಸ್ ಶಾಲೆಯೊಂದರ ಜಾಹೀರಾತನ್ನು ಟಿವಿಯಲ್ಲಿ ಕಂಡ ಪುಟ್ಟ ಅನಾ, ಅದರಲ್ಲಿದ್ದ ದೂರವಾಣಿ ಸಂಖ್ಯೆಯನ್ನು ಬಾಯಿಪಾಠ ಮಾಡಿಕೊಂಡು ತಂದೆತಾಯಿಯರ ಬೆನ್ನುಹತ್ತಿದರು. ಐದನೆಯ ವರ್ಷದಲ್ಲಿ ಕೈಗೆ ರ‍್ಯಾಕೆಟ್ ಬಂದಿತು.

ರ‍್ಯಾಕೆಟ್ ಬಂದಿತಾದರೂ ಆಡಲು ಅನುಕೂಲವಾದ ಕಾಲ ಅದಾಗಿರಲಿಲ್ಲ. ಯುಗೊಸ್ಲಾವಿಯಾ ಒಡೆದು ಹೋಳಾಗುತ್ತಿತ್ತು. ದೇಶದ ಮೇಲೆ ಅಂತರರಾಷ್ಟ್ರೀಯ ನಿರ್ಬಂಧಗಳಿದ್ದವು. ಬೆಲ್‌ಗ್ರೇಡ್‌ನ ಕಡುಚಳಿಯಲ್ಲಿ ಒಳಾಂಗಣ ಅಂಗಳವಿಲ್ಲದೆ ಅಭ್ಯಾಸ ಅಸಾಧ್ಯ. ನೀರು ಕಾಯಿಸುವ ವೆಚ್ಚ ಭರಿಸಲಾಗದೆ ಖಾಲಿ ಮಾಡಿದ್ದ ಈಜುಕೊಳವೊಂದರ ತಳದಲ್ಲಿ ರತ್ನಗಂಬಳಿ ಹಾಸಿ, ಗೆರೆ ಎಳೆದು, ಟೆನಿಸ್ ಅಂಗಳ ಮಾಡಲಾಗಿತ್ತು. ಅಂಗಳದ ಪಕ್ಕದ ಗೆರೆಯಿಂದ ಕೊಳದ ಗೋಡೆಗೆ ಅರ್ಧ ಮೀಟರಿನಷ್ಟು ಮಾತ್ರ ಅಂತರ. ಚೆಂಡನ್ನು ಓರೆಯಾಗಿ ಎದುರು ಮೂಲೆಗೆ ಹೊಡೆದರೆ ಅದನ್ನು ಹಿಂದಿರುಗಿಸಲು ಆಟಗಾರ್ತಿಗೆ ನಿಲ್ಲಲೂ ಜಾಗವಿಲ್ಲ. ಹೀಗಾಗಿ ಮಕ್ಕಳು ಗೆರೆಗುಂಟ ನೇರವಾಗಿ ಹೊಡೆಯುವುದನ್ನೇ ಕಲಿತರು. ಮುಂದೆ ಇವಾನೊವಿಚ್ ಅವರ ಫೋರ್‌ಹ್ಯಾಂಡ್ ಹೊಡೆತ ಜಗತ್ತಿನ ಅತ್ಯಂತ ಬಿರುಸಿನ ಹೊಡೆತಗಳಲ್ಲಿ ಒಂದೆನಿಸಿದಾಗ ಈ ಕೊಳದ ಕಥೆಯನ್ನು ಅನೇಕರು ನೆನಪಿಸಿದರು. ಅದರಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಇರಬಹುದು. ಅಂಗಳ ಇದ್ದುದು ಮಾತ್ರ ಸತ್ಯ.

1999ರ ಮಾರ್ಚ್ 24ರಂದು ನ್ಯಾಟೊ ವಿಮಾನಗಳು ಬಾಂಬ್ ದಾಳಿ ಆರಂಭಿಸಿದವು. ದಾಳಿ 78 ದಿನ ನಡೆಯಿತು. ಆಗ ಅನಾಗೆ 11 ವರ್ಷ. ದಾಳಿಗಳ ನಡುವಿನ ಬಿಡುವಿಗೆ ಹೊಂದಿಸಿಕೊಂಡು ಬೆಳಗಿನ ಹೊತ್ತು ಅಭ್ಯಾಸ ಮುಗಿಸಬೇಕಿತ್ತು. ಇದೇ ನಗರದಲ್ಲಿ, ಇದೇ ಪರಿಸ್ಥಿತಿಯಲ್ಲಿ ಇನ್ನೊಬ್ಬ ಬಾಲಕನೂ ಟೆನಿಸ್ ಆಡುತ್ತಿದ್ದ. ಹೆಸರು ನೊವಾಕ್ ಜೊಕೊವಿಚ್. ಅನಾಗಿಂತ ಆರು ತಿಂಗಳಿಗೆ ಹಿರಿಯ, ಬಾಲ್ಯದ ಗೆಳೆಯ. ಎರಡೂವರೆ ವರ್ಷ ಹಿರಿಯಳಾದ ಎಲೆನಾ ಯಾಂಕೊವಿಚ್ ಕೂಡ ಬೆಲ್‌ಗ್ರೇಡ್‌ನವಳೇ. ಸರಿಯಾದ ಅಂಗಳವೂ ಇಲ್ಲದ ಒಂದು ಊರಿನಿಂದ ಮೂವರು ವಿಶ್ವದ ಮೊದಲ ಸ್ಥಾನಕ್ಕೇರಿದ್ದು ಕ್ರೀಡಾ ಇತಿಹಾಸದ ವಿಸ್ಮಯಗಳಲ್ಲೊಂದು. ಅದರ ಹಿಂದೆ ಯಾವ ಸರಕಾರಿ ಯೋಜನೆಯೂ ಇರಲಿಲ್ಲ. ಇದ್ದದ್ದು ಹೆತ್ತವರ ಸಾಲ ಮತ್ತು ಹಟ.

ಅನಾ ಪಾಲಿಗೆ ಆ ಸಾಲ ಕೊಟ್ಟವರು ಸ್ವಿಟ್ಜರ್ಲೆಂಡ್‌ನ ಉದ್ಯಮಿ ಡಾನ್ ಹೋಲ್ಜ್‌ಮನ್. ಬಾಸೆಲ್ ನಗರದಲ್ಲಿ ಆಕೆಯ ತರಬೇತಿಗೆ ಏರ್ಪಾಡು ಮಾಡಿ, ಪ್ರವಾಸದ ವೆಚ್ಚ ಭರಿಸಿ, ಬಳಿಕ ಆಕೆಯ ವ್ಯವಹಾರಗಳ ಉಸ್ತುವಾರಿಯನ್ನೂ ಅವರೇ ವಹಿಸಿಕೊಂಡರು. ಗೆಲುವಿನ ಹಣ ಬರತೊಡಗಿದ ಮೇಲೆ ಇವಾನೊವಿಚ್ ಆ ಮೊತ್ತವನ್ನು ಹಿಂದಿರುಗಿಸಿದರು.

ಏರಿಕೆ

2003ರಲ್ಲಿ ವೃತ್ತಿಪರ ಕಣಕ್ಕಿಳಿದ ಇವಾನೊವಿಚ್ 2004ರಲ್ಲಿ ವಿಂಬಲ್ಡನ್ ಬಾಲಕಿಯರ ಫೈನಲ್ ತಲುಪಿದರು. ಅದೇ ವರ್ಷ ಜ್ಯೂರಿಕ್ ಟೂರ್ನಿಯಲ್ಲಿ ಅರ್ಹತಾ ಸುತ್ತಿನಿಂದ ಬಂದು ವೀನಸ್ ವಿಲಿಯಮ್ಸ್ ಎದುರು ಎರಡೂ ಸೆಟ್‌ಗಳನ್ನು ಟೈಬ್ರೇಕ್‌ವರೆಗೆ ಎಳೆದು ಸೋತರು. ಸೋಲಾದರೂ ಹೆಸರು ಹರಡಿತು. 2005ರ ಜನವರಿಯಲ್ಲಿ ಕ್ಯಾನ್‌ಬೆರಾದಲ್ಲಿ ಮೊದಲ ಪ್ರಶಸ್ತಿ. ಆ ವರ್ಷದ ಫ್ರೆಂಚ್ ಓಪನ್‌ನಲ್ಲಿ ಆತಿಥೇಯರ ಆಶಾಕಿರಣವಾಗಿದ್ದ ಅಮೆಲಿ ಮೌರೆಸ್ಮೊ ಅವರನ್ನು ಸೋಲಿಸಿ ಕ್ವಾರ್ಟರ್‌ಫೈನಲ್ ಪ್ರವೇಶ. 2006ರಲ್ಲಿ ಮಾಂಟ್ರಿಯಲ್‌ನಲ್ಲಿ ಮಾರ್ಟಿನಾ ಹಿಂಗಿಸ್ ವಿರುದ್ಧ 6-2, 6-3ರ ಜಯ.

2007ರಲ್ಲಿ ಬರ್ಲಿನ್ ಟೂರ್ನಿ ಗೆದ್ದು ಪ್ಯಾರಿಸ್‌ಗೆ ಬಂದ ಅವರು ಫೈನಲ್‌ವರೆಗೆ ಸಾಗಿದರು. ಎದುರಾಳಿ ಹೆನಿನ್, ಸತತ ಮೂರನೇ ಫ್ರೆಂಚ್ ಕಿರೀಟದ ಹೊಸ್ತಿಲಲ್ಲಿದ್ದವರು. ಮೊದಲ ಗೇಮನ್ನು ಕಸಿದುಕೊಂಡ ಇವಾನೊವಿಚ್ ಆಮೇಲೆ ನಡುಗಿದರು. ಸರ್ವ್ ಮಾಡಲು ಮೇಲೆಸೆದ ಚೆಂಡು ಹಿಡಿತ ತಪ್ಪಿ ಅತ್ತಿತ್ತ ಹೋಗುತ್ತಿತ್ತು. ಫಲಿತಾಂಶ 1-6, 2-6. ಆ ದಿನ ಅದನ್ನು ಚೊಚ್ಚಲ ಫೈನಲ್‌ನ ಅಂಜಿಕೆ ಎಂದು ಎಲ್ಲರೂ ಬಗೆದರು.

2008ರ ಜೂನ್

2008ರ ಆರಂಭದಲ್ಲೇ ಆಸ್ಟ್ರೇಲಿಯನ್ ಓಪನ್ ಫೈನಲ್ ತಲುಪಿ ಮರಿಯಾ ಶರಪೋವಾಗೆ 5-7, 3-6ರಲ್ಲಿ ಮಣಿದ ಇವಾನೊವಿಚ್, ಮಾರ್ಚ್‌ನಲ್ಲಿ ಇಂಡಿಯನ್ ವೆಲ್ಸ್ ಪ್ರಶಸ್ತಿ ಗೆದ್ದರು. ಮೇ 14ರಂದು ಹೆನಿನ್ ನಿವೃತ್ತಿ ಘೋಷಿಸಿದರು. ಆಗ ಮೊದಲ ಸ್ಥಾನ ದೊರೆತದ್ದು ಶರಪೋವಾಗೆ, ಇವಾನೊವಿಚ್‌ಗೆ ಅಲ್ಲ. ತೆರವಾದ ಪೀಠದ ಮಾತನಾಡುವವರು ಈ ಸಂಗತಿಯನ್ನು ಮರೆಯುತ್ತಾರೆ. ಅಗ್ರಸ್ಥಾನವನ್ನು ಇವಾನೊವಿಚ್ ಪ್ಯಾರಿಸ್‌ನ ಆವೆಮಣ್ಣಿನ ಮೇಲೆ ಗೆದ್ದುಕೊಂಡರು. ಅದೂ ತಮ್ಮ ಊರಿನವರೇ ಆದ ಯಾಂಕೊವಿಚ್ ಅವರನ್ನು ಸೆಮಿಫೈನಲ್‌ನಲ್ಲಿ 6-4, 3-6, 6-4ರಿಂದ ಸೋಲಿಸಿ. ಇಡೀ ಟೂರ್ನಿಯಲ್ಲಿ ಅವರು ಕಳೆದುಕೊಂಡದ್ದು ಆ ಒಂದೇ ಸೆಟ್.

ಜೂನ್ 7ರ ಫೈನಲ್‌ನಲ್ಲಿ ರಷ್ಯಾದ ದಿನಾರಾ ಸಫೀನಾ ಎದುರಾಳಿ. ಶರಪೋವಾ, ಡೆಮೆಂಟಿಯೆವಾ, ಕುಜ್ನೆತ್ಸೋವಾ ಮೂವರನ್ನೂ ಕೆಡವಿ ಬಂದಿದ್ದ ಸಫೀನಾ ದಣಿದಿದ್ದರು ಎಂಬುದೂ ನಿಜ. ಇವಾನೊವಿಚ್ 6-4, 6-3ರಿಂದ ಗೆದ್ದರು. ಹಿಂದಿನ ವರ್ಷ ಇದೇ ಅಂಗಳದಲ್ಲಿ ಅವರನ್ನು ಸೋಲಿಸಿದ್ದ ಹೆನಿನ್ ಈಗ ಅತಿಥಿಯಾಗಿ ಬಂದು ಕಪ್ ಹಸ್ತಾಂತರಿಸಿದರು. ಎರಡು ದಿನಗಳ ನಂತರ ಪ್ರಕಟವಾದ ಪಟ್ಟಿಯಲ್ಲಿ 20ರ ಹರೆಯದ ಇವಾನೊವಿಚ್ ಪ್ರಥಮ ಸ್ಥಾನದಲ್ಲಿದ್ದರು. ಆ ಜನವರಿಯಲ್ಲಿ ಜೊಕೊವಿಚ್ ಆಸ್ಟ್ರೇಲಿಯಾದಲ್ಲಿ ಗೆದ್ದಿದ್ದರು. 2006ರಲ್ಲಷ್ಟೇ ಪ್ರತ್ಯೇಕ ರಾಷ್ಟ್ರವಾದ ಸರ್ಬಿಯಾಕ್ಕೆ ಐದೇ ತಿಂಗಳಲ್ಲಿ ಎರಡು ಗ್ರ್ಯಾನ್‌ಸ್ಲಾಮ್.

ಮೇಲೆಸೆದ ಚೆಂಡು

ಪಟ್ಟವೇರಿದ ಮೂರೇ ವಾರದಲ್ಲಿ ಬಿರುಕು ಕಾಣಿಸಿತು. ವಿಂಬಲ್ಡನ್ ಎರಡನೇ ಸುತ್ತಿನಲ್ಲಿ ಫ್ರಾನ್ಸ್‌ನ ನತಾಲಿ ಡೆಶಿ ಎದುರು ಎರಡು ಮ್ಯಾಚ್ ಪಾಯಿಂಟ್ ಉಳಿಸಿಕೊಂಡು 6-7, 7-6, 10-8ರಲ್ಲಿ ಪಾರಾದರು. ಅದರಲ್ಲೊಮ್ಮೆ ಬಲೆಯ ಅಂಚಿಗೆ ತಗುಲಿದ ಚೆಂಡು ಅದೃಷ್ಟವಶಾತ್ ಆಚೆ ಬದಿಗೆ ಉರುಳಿತ್ತು. ಮುಂದಿನ ಸುತ್ತಿನಲ್ಲಿ 133ನೇ ಕ್ರಮಾಂಕದ, ವೈಲ್ಡ್‌ಕಾರ್ಡ್ ಪಡೆದು ಬಂದಿದ್ದ ಚೀನಾದ ಝೆಂಗ್ ಜೀ ಅವರಿಗೆ ನೇರ ಸೆಟ್‌ಗಳಲ್ಲಿ ಶರಣಾದರು. ಬಲಗೈ ಹೆಬ್ಬೆರಳಿನ ಗಾಯದಿಂದಾಗಿ ಬೀಜಿಂಗ್ ಒಲಿಂಪಿಕ್ಸ್ ತಪ್ಪಿತು. ಆಗಸ್ಟ್‌ನಲ್ಲಿ ಯಾಂಕೊವಿಚ್ ಒಂದು ವಾರ ಅಗ್ರಸ್ಥಾನ ಕಿತ್ತುಕೊಂಡು ಮತ್ತೆ ಬಿಟ್ಟುಕೊಟ್ಟರು. ಅಮೆರಿಕನ್ ಓಪನ್ ಎರಡನೇ ಸುತ್ತಿನಲ್ಲಿ 188ನೇ ಕ್ರಮಾಂಕದ ಜೂಲಿ ಕೊಯಿನ್, ಅರ್ಹತಾ ಸುತ್ತಿನಿಂದ ಬಂದ ಫ್ರೆಂಚ್ ಆಟಗಾರ್ತಿ, ಇವಾನೊವಿಚ್ ಅವರನ್ನು 6-3, 4-6, 6-3ರಿಂದ ಹೊರಗಟ್ಟಿದರು. ಮುಕ್ತ ಯುಗದಲ್ಲಿ ಆ ಟೂರ್ನಿಯ ಅಗ್ರ ಶ್ರೇಯಾಂಕಿತೆಯೊಬ್ಬರು ಅಷ್ಟು ಬೇಗ ಸೋತದ್ದು ಅದೇ ಮೊದಲು. ಅಲ್ಲಿಗೆ 12 ವಾರ ಮುಗಿಯಿತು.

ಗಾಯ ಮಾಸಿತು; ಸರ್ವ್ ಸರಿಹೋಗಲಿಲ್ಲ. ಟೆನಿಸ್‌ನಲ್ಲಿ ಎದುರಾಳಿಯ ಹಂಗಿಲ್ಲದೆ ಆಡುವ ಹೊಡೆತ ಸರ್ವ್ ಒಂದೇ. ಎಡಗೈ ಚೆಂಡನ್ನು ಪ್ರತಿಸಲ ಒಂದೇ ಎತ್ತರಕ್ಕೆ, ಒಂದೇ ಜಾಗಕ್ಕೆ ಎಸೆಯಬೇಕು. ಚೆಂಡು ಒಂದು ಗೇಣು ಹಿಂದಕ್ಕೆ ಅಥವಾ ಪಕ್ಕಕ್ಕೆ ಹೋದರೂ ಬೆನ್ನು, ಭುಜ, ಮೊಣಕಾಲುಗಳೆಲ್ಲ ಲಯ ತಪ್ಪುತ್ತವೆ. ಎಸೆತ ಸರಿಯಿಲ್ಲವೆನಿಸಿದರೆ ಚೆಂಡನ್ನು ಹೊಡೆಯದೆ ಹಿಡಿದು ಮತ್ತೆ ಎಸೆಯಲು ನಿಯಮದಲ್ಲಿ ಅವಕಾಶವಿದೆ, ದಂಡವಿಲ್ಲ. ಇವಾನೊವಿಚ್ ಮತ್ತೆಮತ್ತೆ ಹಾಗೆ ಹಿಡಿಯತೊಡಗಿದರು. ಪ್ರತಿಸಲ ಹಿಡಿದಾಗಲೂ ಆತಂಕ ಎದುರಾಳಿಗೆ ಗೊತ್ತಾಗುತ್ತದೆ, ಸಾವಿರಾರು ಪ್ರೇಕ್ಷಕರಿಗೂ ಗೊತ್ತಾಗುತ್ತದೆ. ಸರಾಗವಾಗಿ ಮಾತನಾಡುವವನಿಗೆ ಒಮ್ಮೆ ನಾಲಿಗೆಯ ಮೇಲೆ ಗಮನ ಹೋದರೆ ಮಾತು ತೊದಲುವಂತೆ ಇದು. ಗಾಯವಾದರೆ ವೈದ್ಯರಿದ್ದಾರೆ. ಕೈಗೆ ತಾನಾಗಿ ಬರುತ್ತಿದ್ದುದನ್ನು ಮನಸ್ಸು ಕಿತ್ತುಕೊಂಡರೆ ಔಷಧವಿಲ್ಲ.

ತರಬೇತುದಾರರು ಬದಲಾದರು: ಸ್ವೆನ್ ಗ್ರೋನೆವೆಲ್ಡ್, ಕ್ರೇಗ್ ಕಾರ್ಡನ್, ಒಮ್ಮೆ ಸ್ಟೆಫಿ ಗ್ರಾಫ್‌ಗೆ ಮಾರ್ಗದರ್ಶಕರಾಗಿದ್ದ ಹೈನ್ಸ್ ಗುಂತಾರ್ಟ್, ಬಳಿಕ ನೈಜೆಲ್ ಸಿಯರ್ಸ್. ಬದಲಾವಣೆ ಅತಿಯಾಯಿತೆಂದೇ ಹೇಳಬೇಕು. ಒಬ್ಬರು ತಿದ್ದಿದ್ದನ್ನು ಇನ್ನೊಬ್ಬರು ತಿದ್ದುವ ಸ್ಥಿತಿಯಲ್ಲಿ ಯಾವ ಹೊಡೆತ ತಾನೇ ನೆಲೆನಿಲ್ಲಬಲ್ಲದು? 2009ರ ಕೊನೆಗೆ 22ನೇ ಸ್ಥಾನ. 2010ರ ಜುಲೈಯಲ್ಲಿ 65ನೇ ಸ್ಥಾನ. ಎರಡು ವರ್ಷದ ಹಿಂದೆ ಜಗತ್ತಿನ ಮೊದಲಿಗಳಾಗಿದ್ದವಳಿಗೆ ಸಹಿಸಲು ಸುಲಭವಾದ ಸಂಖ್ಯೆಯಲ್ಲ.

ಮರಳಿ ಏರಿದ್ದು

ಇಲ್ಲಿಗೇ ಬಿಟ್ಟುಬಿಡಬಹುದಿತ್ತು. ಹಣವಿತ್ತು, ಜನಪ್ರಿಯತೆಯಿತ್ತು, ಜಾಹೀರಾತು ಸಂಸ್ಥೆಗಳು ಸಾಲುಗಟ್ಟಿದ್ದವು. ಇವಾನೊವಿಚ್ ಬಿಡಲಿಲ್ಲ. 2010ರ ಶರತ್ಕಾಲದಲ್ಲಿ ಆಸ್ಟ್ರಿಯಾದ ಲಿಂಜ್‌ನಲ್ಲಿ ಎರಡು ವರ್ಷಗಳ ನಂತರ ಪ್ರಶಸ್ತಿ ಗೆದ್ದರು. ಅದೇ ಋತುವಿನಲ್ಲಿ ಬಾಲಿಯಲ್ಲೂ ಗೆದ್ದು ವರ್ಷಾಂತ್ಯಕ್ಕೆ 17ನೇ ಸ್ಥಾನಕ್ಕೆ ಮರಳಿದರು. 2012ರಲ್ಲಿ ಸರ್ಬಿಯಾ ತಂಡ ಫೆಡ್ ಕಪ್ ಫೈನಲ್ ತಲುಪಿತು. ಪ್ರಾಗ್‌ನಲ್ಲಿ ಜೆಕ್ ಗಣರಾಜ್ಯದ ಎದುರು 1-3ರಿಂದ ಸೋತ ಆ ಹಣಾಹಣಿಯಲ್ಲಿ ಸರ್ಬಿಯಾಕ್ಕೆ ದಕ್ಕಿದ ಏಕೈಕ ಜಯ ಇವಾನೊವಿಚ್ ಅವರದು. ಮಣಿದವರು ಪೆಟ್ರಾ ಕ್ವಿಟೊವಾ.

ಇವರ ವೃತ್ತಿಜೀವನದ ಮೌಲ್ಯಮಾಪನ ಮಾಡುವವರು 2008ರಷ್ಟೇ ಗಮನವನ್ನು 2014ಕ್ಕೂ ಕೊಡಬೇಕು. ವರ್ಷದ ಮೊದಲ ವಾರ ಆಕ್ಲೆಂಡ್‌ನಲ್ಲಿ ವೀನಸ್ ವಿರುದ್ಧ ಗೆಲುವು. ಎರಡು ವಾರಗಳ ಬಳಿಕ ಆಸ್ಟ್ರೇಲಿಯನ್ ಓಪನ್‌ನಲ್ಲಿ ಅಗ್ರ ಶ್ರೇಯಾಂಕದ ಸೆರೆನಾ ವಿಲಿಯಮ್ಸ್ ವಿರುದ್ಧ ಮೊದಲ ಸೆಟ್ ಸೋತೂ 4-6, 6-3, 6-3ರಿಂದ ವಿಜಯ. ಸೆರೆನಾ ಮೇಲೆ ಅವರು ಸಾಧಿಸಿದ ಮೊದಲ ಜಯವಿದು. ಮುಂದೆ ಮಾಂಟೆರೆ, ಹುಲ್ಲಿನಂಗಳದ ಬರ್ಮಿಂಗ್‌ಹ್ಯಾಮ್, ಟೋಕಿಯೊ, ಹೀಗೆ ಒಟ್ಟು ನಾಲ್ಕು ಪ್ರಶಸ್ತಿ. ಒಂದೇ ವರ್ಷದಲ್ಲಿ ಇಷ್ಟು ಗೆದ್ದದ್ದು 2008ರಲ್ಲೂ ಇಲ್ಲ. ವರ್ಷಾಂತ್ಯಕ್ಕೆ ವಿಶ್ವದ 5ನೇ ಸ್ಥಾನ. ಎಸೆತದ ತೊಂದರೆ ಪೂರ್ತಿ ವಾಸಿಯಾಗಿರಲಿಲ್ಲ. ಅದನ್ನು ಇಟ್ಟುಕೊಂಡೇ ಆಡುವುದನ್ನು ಕಲಿತಿದ್ದರು.

ಆ ಡಿಸೆಂಬರ್‌ನಲ್ಲಿ ಅವರು ಭಾರತದ ಹೆಸರಿನ ತಂಡಕ್ಕೂ ಆಡಿದರು. ಅಂತರರಾಷ್ಟ್ರೀಯ ಪ್ರೀಮಿಯರ್ ಟೆನಿಸ್ ಲೀಗ್‌ನ ಚೊಚ್ಚಲ ಆವೃತ್ತಿಯಲ್ಲಿ ಪ್ರಶಸ್ತಿ ಗೆದ್ದ ಇಂಡಿಯನ್ ಏಸಸ್ ತಂಡದಲ್ಲಿ ರೋಜರ್ ಫೆಡರರ್, ಸಾನಿಯಾ ಮಿರ್ಜಾ, ನಮ್ಮ ಕೊಡಗಿನ ರೋಹನ್ ಬೋಪಣ್ಣ ಅವರ ಜೊತೆಗಿದ್ದ ಇನ್ನೊಂದು ಹೆಸರು ಇವಾನೊವಿಚ್. ದೆಹಲಿಯ ಪ್ರೇಕ್ಷಕರು ಅವರನ್ನು ಸ್ವದೇಶಿ ಆಟಗಾರ್ತಿಯಂತೆಯೇ ಹುರಿದುಂಬಿಸಿದರು.

2015ರಲ್ಲಿ ಫ್ರೆಂಚ್ ಓಪನ್ ಸೆಮಿಫೈನಲ್ ಮತ್ತೆ ಒಲಿಯಿತು. 2008ರ ನಂತರ ಯಾವುದೇ ಗ್ರ್ಯಾನ್‌ಸ್ಲಾಮ್‌ನಲ್ಲಿ ಅವರು ಅಷ್ಟು ದೂರ ಬಂದದ್ದು ಅದೊಂದೇ ಬಾರಿ. ಲೂಸಿ ಸಫರೋವಾ ಎದುರು ಮೊದಲ ಸೆಟ್‌ನಲ್ಲಿ 5-2ರ ಮುನ್ನಡೆ ಪಡೆದೂ 5-7, 5-7ರಿಂದ ಸೋತರು. ಮುಂದಿನ ವರ್ಷ ದೇಹ ಸಹಕರಿಸಲಿಲ್ಲ. 2016ರ ಜುಲೈಯಲ್ಲಿ ಜರ್ಮನಿಯ ಫುಟ್‌ಬಾಲ್ ಆಟಗಾರ ಬಾಸ್ಟಿಯನ್ ಶ್ವೈನ್‌ಸ್ಟೈಗರ್ ಅವರೊಂದಿಗೆ ವೆನಿಸ್‌ನಲ್ಲಿ ವಿವಾಹವಾಯಿತು. ಆ ವರ್ಷದ ಅಮೆರಿಕನ್ ಓಪನ್‌ನ ಮೊದಲ ಸುತ್ತಿನಲ್ಲಿ ಡೆನಿಸಾ ಅಲರ್ಟೋವಾ ಎದುರಿನ ಸೋಲು ಕೊನೆಯ ಪಂದ್ಯವಾಯಿತು. ಡಿಸೆಂಬರ್ 28ರಂದು, 29ನೇ ವಯಸ್ಸಿನಲ್ಲಿ, ಅತ್ಯುನ್ನತ ಮಟ್ಟದಲ್ಲಿ ಆಡಲು ಶರೀರ ಇನ್ನು ಒಪ್ಪುವುದಿಲ್ಲವೆಂದು ತಿಳಿಸಿ ಇವಾನೊವಿಚ್ ನಿವೃತ್ತಿ ಪ್ರಕಟಿಸಿದರು.

ಬೆಲ್‌ಗ್ರೇಡ್‌ನ ಇನ್ನೊಬ್ಬ ಮೊದಲಿಗಳಾದ ಯಾಂಕೊವಿಚ್ ಅಗ್ರಸ್ಥಾನದಲ್ಲಿ 18 ವಾರ ಇದ್ದರು, 2008ರ ವರ್ಷಾಂತ್ಯದ ಪಟ್ಟಿಯಲ್ಲೂ ಅವರೇ ಮೊದಲಿಗರು. ಸಿಂಗಲ್ಸ್ ಪ್ರಶಸ್ತಿಗಳು ಅವರದೂ 15. ಆದರೆ ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್ ಕಪ್ ಅವರಿಗೆ ಸಿಗಲಿಲ್ಲ. ಇಬ್ಬರಲ್ಲಿ ಯಾರು ಹೆಚ್ಚು ಎಂಬ ಚರ್ಚೆ ಸರ್ಬಿಯಾದಲ್ಲಿ ಇಂದಿಗೂ ನಿಂತಿಲ್ಲ.