ಜಡಿಮಳೆ ಮತ್ತು ಮಣ್ಣಿನ ಮಾಳಿಗೆ

ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಸೀಮೆಯ ಹಳೆಯ ಮನೆಗಳು ಬಿಸಿಲಿಗಾಗಿ ಕಟ್ಟಿದವು. ವರ್ಷಕ್ಕೆ ಸರಾಸರಿ 600 ಮಿಲಿಮೀಟರಿನ ಆಸುಪಾಸಿನಲ್ಲಿ ಮಾತ್ರ ಮಳೆ ಕಾಣುವ ಈ ನೆಲದಲ್ಲಿ ಜನ ಬರಕ್ಕೆ ಸಿದ್ಧರಾಗಿರುತ್ತಿದ್ದರೇ ಹೊರತು ಬಿಡದೆ ಸುರಿಯುವ ಮಳೆಗಲ್ಲ. ಹೀಗಾಗಿ ಅಪರೂಪಕ್ಕೆ ಮಳೆ ಜಡಿ ಹಿಡಿದಾಗ, ಅಂದರೆ ಹಗಲು ರಾತ್ರಿ ಎನ್ನದೆ ದಿನಗಟ್ಟಲೆ ಹನಿಯುತ್ತ ನಿಂತಾಗ, ಜನ ಮನೆಯೊಳಗೆ ಸಿಕ್ಕಿಬೀಳುವುದಷ್ಟೇ ಅಲ್ಲದೆ, ಅವರು ಆಶ್ರಯ ಪಡೆದ ಮನೆಯೇ ಅಪಾಯದ ಮೂಲವಾಗುತ್ತಿತ್ತು.

ಈ ಅಪಾಯ ಮನೆಯ ರಚನೆಯಲ್ಲೇ ಇತ್ತು. ದಪ್ಪನೆಯ ಮಣ್ಣಿನ ಗೋಡೆಗಳ ನಡುವೆ ಕಂಬ ನಿಲ್ಲಿಸಿ, ಅವುಗಳ ಮೇಲೆ ತೊಲೆಗಳನ್ನೂ ತೊಲೆಗಳಿಗೆ ಅಡ್ಡಲಾಗಿ ಜಂತಿಗಳನ್ನೂ ಹೊಂದಿಸಿ, ಸೊಪ್ಪು ಕಡ್ಡಿ ಹಾಸಿ, ಅದರ ಮೇಲೆ ಮಣ್ಣು ಬಡಿದು ಗಟ್ಟಿ ಮಾಡಿದ ಸಮತಟ್ಟಾದ ಸೂರನ್ನು ಮಾಳಿಗೆ ಅಥವಾ ಮೇಲ್ಮುದ್ದೆ ಎನ್ನುತ್ತಾರೆ. ಅದರ ಮೇಲ್ಪದರಕ್ಕೆ ಬಳಸುತ್ತಿದ್ದುದು ಸವಳು ಮಣ್ಣು. ಬೆಳೆಗೆ ಒಗ್ಗದ ಈ ಕ್ಷಾರಭರಿತ ಮಣ್ಣಿನಲ್ಲಿ ಸೋಡಿಯಂ ಹೆಚ್ಚಾಗಿರುವುದರಿಂದ, ನೀರು ಬಿದ್ದೊಡನೆ ಅದರ ಜೇಡಿಕಣಗಳು ಬಿಡಿಬಿಡಿಯಾಗಿ ಹರಡಿ ರಂಧ್ರಗಳನ್ನು ಮುಚ್ಚುತ್ತವೆ, ಮೇಲೆ ಬಿದ್ದ ನೀರು ಒಳಗಿಳಿಯದೆ ಹರನಾಳಿಗೆಯ, ಅಂದರೆ ಮಾಳಿಗೆಯ ನೀರು ಹೊರಹಾಕುವ ನಾಳದ, ಮೂಲಕ ಹೊರಗೆ ಹರಿದುಹೋಗುತ್ತದೆ. ಗಂಟೆ ಎರಡು ಗಂಟೆ ಸುರಿದು ನಿಲ್ಲುವ ಮಳೆಗೆ ಈ ಉಪಾಯ ಸಾಕಾಗುತ್ತಿತ್ತು. ಆದರೆ ಬಿಸಿಲೇ ಕಾಣದೆ ಮೂರು ನಾಲ್ಕು ದಿನ ಕಳೆದರೆ ನೆನೆದ ಮಣ್ಣಿನ ಭಾರಕ್ಕೆ ಜಂತಿಗಳು ಬಾಗುತ್ತಿದ್ದವು, ಬುಡದಲ್ಲಿ ನೀರು ಹೀರಿದ ಗೋಡೆಗಳು ಒಮ್ಮೆಲೇ ಕುಸಿಯುತ್ತಿದ್ದವು.

ಮನೆವಾರ್ತೆಯೂ ಇದೇ ಲೆಕ್ಕಾಚಾರದ ಮೇಲೆ ನಿಂತಿತ್ತು. ಜೋಳವನ್ನು ಬರಗಾಲಕ್ಕೆಂದು ಹಗೇವುಗಳಲ್ಲಿ, ಅಂದರೆ ನೆಲದಡಿ ತೋಡಿದ ಧಾನ್ಯದ ಕುಳಿಗಳಲ್ಲಿ, ತುಂಬಿ ಬಾಯಿ ಮುಚ್ಚುತ್ತಿದ್ದರು. ತೇವ ಸೇರಿದರೆ ಕಾಳು ಮುಗ್ಗುವುದರಿಂದ ಜಡಿಮಳೆಯಲ್ಲಿ ಅವನ್ನು ತೆರೆಯುವಂತಿರಲಿಲ್ಲ, ಹೀಗಾಗಿ ಆ ದಿನಗಳ ಊಟ ಒಂದರ ಮೇಲೊಂದು ಪೇರಿಸಿದ ಅಡಕಲು ಗಡಿಗೆಗಳಲ್ಲಿದ್ದ ಕಾಳು ಮತ್ತು ಬೀಸಿಟ್ಟ ಹಿಟ್ಟಿನ ಮೇಲೆ ಅವಲಂಬಿಸಿರುತ್ತಿತ್ತು. ಒಲೆಗೆ ಬೇಕಾದ ಕುಳ್ಳು, ಎಂದರೆ ಒಣಗಿಸಿದ ಸಗಣಿಯ ಬೆರಣಿ, ನೆನೆಯದಂತೆ ನೋಡಿಕೊಳ್ಳುವುದೂ ಅಷ್ಟೇ ಮುಖ್ಯವಾಗಿತ್ತು. ಕೊಪ್ಪಳ ಮತ್ತು ಯಲಬುರ್ಗಾ ಹೈದರಾಬಾದ್ ಸಂಸ್ಥಾನದಲ್ಲಿ ಸಾಲಾರ್ ಜಂಗ್ ಮನೆತನದ ಜಹಗೀರಾಗಿದ್ದ ಕಾಲದಲ್ಲೂ, 1948ರಲ್ಲಿ ನಿಜಾಮರ ಆಳ್ವಿಕೆ ಕೊನೆಗೊಂಡ ಬಳಿಕವೂ, ಬಡವರ ಮನೆಗಳು ಬಹುಕಾಲ ಮಣ್ಣಿನವಾಗಿಯೇ ಉಳಿದವು.

ಈ ವ್ಯವಸ್ಥೆಯ ಮಿತಿ 2009ರಲ್ಲಿ ಬಯಲಾಯಿತು. ಆ ವರ್ಷ ದೇಶದಾದ್ಯಂತ ಮುಂಗಾರು ಕೈಕೊಟ್ಟಿದ್ದರೂ, ಹಸ್ತ ನಕ್ಷತ್ರದ ಮಳೆಯ ಅವಧಿಯಾದ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದಲ್ಲಿ, ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಉತ್ತರ ಕರ್ನಾಟಕದ ಮೇಲೆ ಎಡೆಬಿಡದೆ ಮಳೆ ಸುರಿಯಿತು. ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಅನೇಕರು ಹೊಳೆಯ ಪ್ರವಾಹಕ್ಕಲ್ಲ, ಕುಸಿದ ಮನೆ ಮತ್ತು ಗೋಡೆಗಳಿಗೆ ಬಲಿಯಾಗಿದ್ದರು. ಮನೆ ಕಳೆದುಕೊಂಡವರಿಗಾಗಿ ಸರ್ಕಾರ ‘ಆಸರೆ’ ಯೋಜನೆಯಡಿ ಹೊಸ ಮನೆಗಳನ್ನು ಕಟ್ಟಿಸಿತು.

ನದಿಯಂಚಿನಲ್ಲಿ ಜನ ಮಳೆಗೆ ಸಿಕ್ಕಿಬೀಳುವ ಬಗೆ ಬೇರೆಯಾಗಿತ್ತು. ತುಂಗಭದ್ರೆಯ ಕವಲುಗಳ ನಡುವೆ ಇರುವ, ಗಂಗಾವತಿ ತಾಲ್ಲೂಕಿನ ವಿರುಪಾಪುರ ಗಡ್ಡಿಯಲ್ಲಿ 2019ರ ಆಗಸ್ಟಿನಲ್ಲಿ ವಿದೇಶಿಯರೂ ಸೇರಿದಂತೆ ನೂರಾರು ಪ್ರವಾಸಿಗರು ಸಿಲುಕಿದರು. ಮಲೆನಾಡಿನ ಮಳೆಯಿಂದ ತುಂಬಿದ ತುಂಗಭದ್ರಾ ಜಲಾಶಯದಿಂದ 2 ಲಕ್ಷ ಕ್ಯುಸೆಕ್‌ಗೂ ಹೆಚ್ಚು ನೀರು ಬಿಟ್ಟುದೇ ಇದಕ್ಕೆ ಕಾರಣವಾಗಿದ್ದು, ರಕ್ಷಣೆಗೆ ದೋಣಿಗಳ ಜತೆ ಹೆಲಿಕಾಪ್ಟರ್‌ಗಳೂ ಬೇಕಾದವು. ಗಡ್ಡಿಯ ಅಕ್ರಮ ರೆಸಾರ್ಟ್‌ಗಳ ತೆರವನ್ನು ಸುಪ್ರೀಂ ಕೋರ್ಟ್ 2020ರಲ್ಲಿ ಎತ್ತಿಹಿಡಿಯಿತು.

ಈ ಎರಡು ಘಟನೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಈ ಸೀಮೆಯಲ್ಲಿ ಅಕಾಲದ ಹವಾಮಾನದ ಪೆಟ್ಟು ಎಷ್ಟು ಬಲವಾಗಿ ಬೀಳುತ್ತದೆ ಎಂಬುದನ್ನು ಮಳೆಯ ಪ್ರಮಾಣವೊಂದೇ ನಿರ್ಧರಿಸಿಲ್ಲ ಎಂಬುದು ಸ್ಪಷ್ಟವಾಗುತ್ತದೆ. ಒಂದೆಡೆ ಬಡತನದಿಂದಾಗಿ ಉಳಿದುಬಂದ ಮಣ್ಣಿನ ಸೂರು, ಇನ್ನೊಂದೆಡೆ ಲಾಭಕ್ಕಾಗಿ ನದಿಯ ಪಾತ್ರದಲ್ಲಿ ಕಟ್ಟಿದ ವಸತಿ ಅಷ್ಟೇ ಹೊಣೆ ಹೊತ್ತಿದ್ದವು.