ಸಾಲು ಹಾಗೇ ಉಂಟು, ಓದು ಬದಲಾಯಿತು: ಅಮೆರಿಕದ ಸೆನೆಟ್, ನ್ಯಾಯಾಧೀಶರ ನೇಮಕ ಮತ್ತು ಅಲ್ಪಮತದ ತಡೆ

ಗಡಿನಾಡ ಕನ್ನಡಿಗರ ಬಗೆಗಿನ ಗೋಷ್ಠಿಯಲ್ಲಿ ಅಮೆರಿಕದ ಸೆನೆಟ್ ಬಗ್ಗೆ ಎಂತಕ್ಕೆ ಪ್ರಬಂಧ ಅಂತ ನಿಮಗೆ ಅನ್ನಿಸಿರಬಹುದು. ವಿಷಯ ಕಳಿಸಿದಾಗ ನನ್ನ ಗೆಳತಿಯೂ ಅದನ್ನೇ ಕೇಳಿದಳು. ಕಾರಣ ಹೇಳಿ ಮುಂದೆ ಹೋಗುತ್ತೇನೆ.

ನಾನು ಮಂಜೇಶ್ವರದ ಕಡೆಯವಳು. ಎಂಟನೇ ತರಗತಿಯಲ್ಲಿದ್ದಾಗ ನಮ್ಮ ಕನ್ನಡ ಮಾಧ್ಯಮದ ಕ್ಲಾಸಿಗೆ ಗಣಿತಕ್ಕೆ ಒಬ್ಬರು ಹೊಸ ಅಧ್ಯಾಪಕರು ಬಂದರು. ಪಾಪ, ಒಳ್ಳೆಯ ಮನುಷ್ಯ, ಆದರೆ ಅವರಿಗೆ ಕನ್ನಡದಲ್ಲಿ ಒಂದು ವಾಕ್ಯ ಬರುತ್ತಿರಲಿಲ್ಲ. ಹಿರಿಯರು ಹೋಗಿ ಕೇಳಿದರೆ ಸಿಕ್ಕಿದ ಉತ್ತರ ಇಷ್ಟೆ: ‘ಕನ್ನಡ ಬಲ್ಲವರನ್ನೇ ನೇಮಿಸಬೇಕು ಎನ್ನುವ ನಿಯಮ ಹಾಗೇ ಇದೆ, ನಾವು ಅದನ್ನು ಪಾಲಿಸಿದ್ದೇವೆ.’ ‘ಬಲ್ಲವರು’ ಎನ್ನುವ ಒಂದು ಶಬ್ದವನ್ನು ಬೇರೆ ರೀತಿ ಓದಿದ್ದರು. ನಿಯಮದ ಒಂದಕ್ಷರವೂ ಬದಲಾಗಿರಲಿಲ್ಲ, ನಮ್ಮ ಗಣಿತ ಮಾತ್ರ ಆ ವರ್ಷ ಹೋಯಿತು.

ಎಂ.ಎ.ಯಲ್ಲಿ ಗ್ರಂಥಸಂಪಾದನೆಯ ಪಾಠ ಕೇಳುವಾಗ, ಮೂಲಪಾಠ ಬೇರೆ, ವ್ಯಾಖ್ಯಾನ ಬೇರೆ ಅಂತ ಮೇಷ್ಟ್ರು ಹೇಳಿದಾಗೆಲ್ಲ ನನಗೆ ಆ ಕ್ಲಾಸು ನೆನಪಾಗುತ್ತಿತ್ತು. ಬಹುಮತ ಇರುವವರು ಅಲ್ಪಮತದ ರಕ್ಷಣೆಯನ್ನು, ಮೂಲಪಾಠ ಮುಟ್ಟದೆ, ವ್ಯಾಖ್ಯಾನದಿಂದಲೇ ತೆಗೆದುಹಾಕಿದ ಚರಿತ್ರೆ ಬೇರೆಲ್ಲಾದರೂ ಸ್ಪಷ್ಟವಾಗಿ ದಾಖಲಾಗಿದೆಯೇ ಎಂದು ಹುಡುಕಿದೆ. ಸಿಕ್ಕಿದ್ದು ಸೆನೆಟ್‌ನ 22ನೇ ನಿಯಮ.

1. ಮಾತಾಡಿ ತಡೆಯುವ ಹಕ್ಕು

ಅಮೆರಿಕದಲ್ಲಿ ಫೆಡರಲ್ ನ್ಯಾಯಾಧೀಶರನ್ನು ರಾಷ್ಟ್ರಾಧ್ಯಕ್ಷರು ಹೆಸರಿಸುತ್ತಾರೆ, ಸೆನೆಟ್ ಒಪ್ಪಬೇಕು. ಒಪ್ಪಿದ ಮೇಲೆ ಆ ನ್ಯಾಯಾಧೀಶರು ಸಾಮಾನ್ಯವಾಗಿ ಜೀವಮಾನವಿಡೀ ಹುದ್ದೆಯಲ್ಲಿರುತ್ತಾರೆ. ನಮ್ಮಲ್ಲಿ ಕೊಲಿಜಿಯಂ ಪದ್ಧತಿ ಇರುವುದರಿಂದ ಸಂಸತ್ತು ಇದರಲ್ಲಿ ಮತ ಹಾಕುವುದಿಲ್ಲ. ಅಲ್ಲಿ ಹಾಗಲ್ಲ, ಒಂದು ಮತದಾನ ಮೂವತ್ತು ವರ್ಷದ ತೀರ್ಪುಗಳ ದಿಕ್ಕನ್ನು ಗೊತ್ತುಮಾಡಬಹುದು.

ಸೆನೆಟ್‌ನಲ್ಲಿ ಒಂದು ರಾಜ್ಯಕ್ಕೆ ಇಬ್ಬರಂತೆ 100 ಸದಸ್ಯರು. ಅರ್ಧಕ್ಕಿಂತ ಹೆಚ್ಚು ಮತ ಬಿದ್ದರೆ ನೇಮಕ ಆಗಬೇಕು. ಆದರೆ ಮತಕ್ಕೆ ಹಾಕಬೇಕಾದರೆ ಮೊದಲು ಚರ್ಚೆ ಮುಗಿಯಬೇಕಲ್ವಾ? ಚರ್ಚೆಯನ್ನು ಮುಗಿಯಗೊಡದೆ ಎಳೆಯುವುದಕ್ಕೇ ಫಿಲಿಬಸ್ಟರ್ ಎನ್ನುತ್ತಾರೆ. ಕಡಲ್ಗಳ್ಳರನ್ನು ಸೂಚಿಸುತ್ತಿದ್ದ ಪದ ಅದು. ಸಂವಿಧಾನದಲ್ಲಿ ಇದರ ಹೆಸರೇ ಇಲ್ಲ. ಚರ್ಚೆ ನಿಲ್ಲಿಸಿ ಮತಕ್ಕೆ ಹಾಕುವ ಒಂದು ಹಳೆಯ ಅವಕಾಶವನ್ನು 1806ರಲ್ಲಿ ನಿಯಮಾವಳಿ ಪರಿಷ್ಕರಿಸುವಾಗ ಕೈಬಿಟ್ಟರು. ಬಿಟ್ಟುಹೋದ ಆ ಸಾಲಿನ ಜಾಗದಲ್ಲಿ ಈ ಪದ್ಧತಿ ಬೆಳೆಯಿತು.

1917ರಲ್ಲಿ, ಮೊದಲ ಮಹಾಯುದ್ಧದ ಹೊತ್ತಿನಲ್ಲಿ, ವಾಣಿಜ್ಯ ಹಡಗುಗಳಿಗೆ ಶಸ್ತ್ರ ಕೊಡುವ ಮಸೂದೆ ಹೀಗೆ ನಿಂತುಹೋದಾಗ ಅಧ್ಯಕ್ಷ ವಿಲ್ಸನ್ ಒತ್ತಡ ತಂದರು. ಆಗ 22ನೇ ನಿಯಮ ಬಂತು: ಹಾಜರಿದ್ದು ಮತ ಹಾಕುವವರಲ್ಲಿ ಮೂರನೇ ಎರಡರಷ್ಟು ಜನ ಒಪ್ಪಿದರೆ ಚರ್ಚೆಗೆ ಮುಕ್ತಾಯ. ಇದಕ್ಕೆ ಕ್ಲೋಚರ್ ಅಂತ ಹೆಸರು. 1949ರಲ್ಲಿ ಇದು ನೇಮಕಗಳಿಗೂ ಅನ್ವಯವಾಯಿತು. 1975ರಲ್ಲಿ ಮಿತಿಯನ್ನು ಒಟ್ಟು ಸದಸ್ಯರ ಐದನೇ ಮೂರಕ್ಕೆ, ಅಂದರೆ 60ಕ್ಕೆ ಇಳಿಸಿದರು. ಆದರೆ ನಿಯಮವನ್ನೇ ತಿದ್ದುವ ಪ್ರಸ್ತಾವಕ್ಕೆ ಮೂರನೇ ಎರಡರ ಮಿತಿಯನ್ನು ಹಾಗೇ ಉಳಿಸಿಕೊಂಡರು. ಈ ಕೊನೆಯ ಮಾತನ್ನು ದಯವಿಟ್ಟು ನೆನಪಿಡಿ.

ಇಲ್ಲಿ ನನಗೆ ನಾನೇ ಒಂದು ಎಚ್ಚರಿಕೆ ಹೇಳಿಕೊಳ್ಳಬೇಕು. ಅಲ್ಪಸಂಖ್ಯಾತ ಭಾಷಿಕಳಾಗಿ ‘ಅಲ್ಪಮತದ ರಕ್ಷಣೆ’ ಎಂದ ಕೂಡಲೇ ನನ್ನ ಮನಸ್ಸು ಕರಗುತ್ತದೆ. ಆದರೆ ಈ ಆಯುಧವನ್ನು ಹಿಡಿದವರು ಯಾರು ನೋಡಿ. 1957ರಲ್ಲಿ ನಾಗರಿಕ ಹಕ್ಕುಗಳ ಮಸೂದೆಯ ವಿರುದ್ಧ ಸ್ಟ್ರಾಮ್ ಥರ್ಮಂಡ್ 24 ಗಂಟೆ 18 ನಿಮಿಷ ಮಾತಾಡಿದರು. 1964ರ ನಾಗರಿಕ ಹಕ್ಕುಗಳ ಮಸೂದೆಯನ್ನು ದಕ್ಷಿಣದ ಸೆನೆಟರುಗಳು ತಿಂಗಳುಗಟ್ಟಲೆ ತಡೆದರು. 71–29 ಮತದಿಂದ ಕ್ಲೋಚರ್ ಗೆದ್ದ ಮೇಲೆಯೇ ಅದು ದಾಟಿದ್ದು. ಸದನದ ಒಳಗಿನ ಅಲ್ಪಮತ ಬೇರೆ, ಸಮಾಜದ ಅಲ್ಪಸಂಖ್ಯಾತರು ಬೇರೆ. ಅಲ್ಲಿ ಮೊದಲನೆಯವರು ಎರಡನೆಯವರ ಕತ್ತು ಹಿಸುಕುತ್ತಿದ್ದರು.

2. ಬಳಸದೆ ಉಳಿದ ಅಸ್ತ್ರ

ನ್ಯಾಯಾಧೀಶರ ವಿಷಯದಲ್ಲಿ ಈ ಅಸ್ತ್ರ ಬಹುಕಾಲ ಒರೆಯಲ್ಲೇ ಇತ್ತು. 1968ರಲ್ಲಿ ಅಧ್ಯಕ್ಷ ಜಾನ್ಸನ್ ಅವರು ಏಬ್ ಫೋರ್ಟಾಸ್ ಅವರನ್ನು ಮುಖ್ಯ ನ್ಯಾಯಮೂರ್ತಿ ಸ್ಥಾನಕ್ಕೆ ಹೆಸರಿಸಿದಾಗ ಅದು ಹೊರಬಂತು. ಕ್ಲೋಚರ್‌ಗೆ ಬಿದ್ದದ್ದು 45–43, ಬೇಕಾಗಿದ್ದ ಮೂರನೇ ಎರಡಕ್ಕೆ ಬಹಳ ಕಡಿಮೆ. ಹೆಸರು ಹಿಂದೆ ಹೋಯಿತು.

ಆಮೇಲಿನ ಒಂದು ಉದಾಹರಣೆ ನನಗೆ ತುಂಬ ಮುಖ್ಯ. 1991ರಲ್ಲಿ ಕ್ಲಾರೆನ್ಸ್ ಥಾಮಸ್ ಅವರ ನೇಮಕಕ್ಕೆ ದೇಶವೇ ಕುದಿಯುತ್ತಿತ್ತು. ಫಲಿತಾಂಶ 52–48. ಚರ್ಚೆ ಮುಗಿಯದಂತೆ ತಡೆಯಲು 41 ಜನ ಸಾಕಿತ್ತು, ವಿರೋಧಿಸಿದವರು 48 ಜನ ಇದ್ದರು. ಆದರೂ ತಡೆಯಲಿಲ್ಲ. ನಿಯಮ ಅಡ್ಡ ಬರಲಿಲ್ಲ, ರೂಢಿ ಅಡ್ಡ ಬಂತು. ‘ಇಷ್ಟು ಮಾಡಬಹುದು, ಆದರೆ ಮಾಡುವುದಿಲ್ಲ’ ಎನ್ನುವ ಒಂದು ಸಂಕೋಚ ಎರಡೂ ಕಡೆ ಉಳಿದಿತ್ತು.

ಆ ಸಂಕೋಚ 2003ರಿಂದ ಕರಗಿತು. ಜಾರ್ಜ್ ಡಬ್ಲ್ಯು. ಬುಷ್ ಅವರು ಮೇಲ್ಮನವಿ ನ್ಯಾಯಾಲಯಗಳಿಗೆ ಹೆಸರಿಸಿದ ಹಲವರನ್ನು ಡೆಮಾಕ್ರಟರು ಫಿಲಿಬಸ್ಟರ್‌ನಿಂದ ತಡೆದರು. ಮಿಗೆಲ್ ಎಸ್ಟ್ರಾಡಾ ಅವರ ವಿಷಯದಲ್ಲಿ ಏಳು ಸಲ ಕ್ಲೋಚರ್ ಸೋತು, ಅವರೇ ಹಿಂದೆ ಸರಿದರು. ರಿಪಬ್ಲಿಕನ್ ನಾಯಕ ಬಿಲ್ ಫ್ರಿಸ್ಟ್ ನಿಯಮವನ್ನೇ ಮುರಿಯುವ ಬೆದರಿಕೆ ಹಾಕಿದರು. ಇದಕ್ಕೆ ಬಿದ್ದ ಹೆಸರು ‘ಅಣ್ವಸ್ತ್ರದ ಆಯ್ಕೆ’. 2005ರ ಮೇ 23ರಂದು ಎರಡೂ ಪಕ್ಷಗಳ ಏಳೇಳು ಮಂದಿ, ಜಾನ್ ಮೆಕೇನ್, ರಾಬರ್ಟ್ ಬರ್ಡ್ ಮೊದಲಾದವರು, ಒಂದು ಒಪ್ಪಂದಕ್ಕೆ ಬಂದರು: ಅಸಾಧಾರಣ ಸಂದರ್ಭದಲ್ಲಿ ಮಾತ್ರ ತಡೆಯುವುದು, ನಿಯಮ ಮುರಿಯದಿರುವುದು. ಹದಿನಾಲ್ಕು ಜನರ ಮಾತಿನ ಮೇಲೆ ನಿಂತ ಶಾಂತಿ ಅದು. ‘ಅಸಾಧಾರಣ’ ಅಂದರೆ ಎಷ್ಟು ಅಂತ ಯಾರೂ ಬರೆದಿಡಲಿಲ್ಲ.

3. 2013ರ ನವೆಂಬರ್ 21

ಎಂಟು ವರ್ಷದಲ್ಲಿ ಪಾತ್ರಗಳು ಅದಲುಬದಲಾದವು. ಈಗ ಅಧ್ಯಕ್ಷ ಒಬಾಮ, ಸೆನೆಟ್‌ನಲ್ಲಿ ಬಹುಮತ ಡೆಮಾಕ್ರಟರದ್ದು, ತಡೆಯುವವರು ರಿಪಬ್ಲಿಕನ್ನರು. ಇದೇ ಒಬಾಮ 2006ರಲ್ಲಿ ಸೆನೆಟರ್ ಆಗಿದ್ದಾಗ ಸ್ಯಾಮ್ಯುಯೆಲ್ ಅಲಿಟೊ ಅವರ ನೇಮಕದ ಕ್ಲೋಚರ್ ವಿರುದ್ಧ ಮತ ಹಾಕಿದ್ದವರು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ಹಾಗೆ.

ವಾಷಿಂಗ್ಟನ್ನಿನ ಡಿ.ಸಿ. ಸರ್ಕ್ಯೂಟ್ ಎನ್ನುವ ಪ್ರಭಾವಿ ಮೇಲ್ಮನವಿ ನ್ಯಾಯಾಲಯದ 11 ಸ್ಥಾನಗಳಲ್ಲಿ ಮೂರು ಖಾಲಿ ಇದ್ದವು. ಪ್ಯಾಟ್ರೀಷಿಯಾ ಮಿಲೆಟ್, ಕಾರ್ನೆಲಿಯಾ ಪಿಲ್ಲಾರ್ಡ್, ರಾಬರ್ಟ್ ವಿಲ್ಕಿನ್ಸ್ ಈ ಮೂವರ ಹೆಸರು ಹೋಯಿತು. ಅಲ್ಲಿ ಅಷ್ಟು ಕೆಲಸವೇ ಇಲ್ಲ, ಇದು ನ್ಯಾಯಾಲಯ ತುಂಬಿಸುವ ತಂತ್ರ ಎಂದು ರಿಪಬ್ಲಿಕನ್ನರು ಮೂವರನ್ನೂ ತಡೆದರು. ವ್ಯಕ್ತಿಗಳ ಅರ್ಹತೆ ಪ್ರಶ್ನೆಯೇ ಆಗಿರಲಿಲ್ಲ.

ಆಗ ಬಹುಮತದ ನಾಯಕ ಹ್ಯಾರಿ ರೀಡ್ ಮಾಡಿದ್ದನ್ನು ಹಂತಹಂತವಾಗಿ ನೋಡೋಣ. ನಿಯಮ ತಿದ್ದುವ ಪ್ರಸ್ತಾವ ತಂದರೆ ಮೂರನೇ ಎರಡು ಬೇಕು, ಅದು ಅವರಲ್ಲಿಲ್ಲ. ಹಾಗಾಗಿ ಅವರು ಒಂದು ಕ್ರಿಯಾಲೋಪ ಎತ್ತಿದರು: ಸುಪ್ರೀಂ ಕೋರ್ಟ್ ಬಿಟ್ಟು ಉಳಿದ ನೇಮಕಗಳಿಗೆ ಕ್ಲೋಚರ್ ಸರಳ ಬಹುಮತದಿಂದಲೇ ಆಗುತ್ತದೆ ಅಂತ. ಪೀಠದಲ್ಲಿದ್ದವರು ಅವರದೇ ಪಕ್ಷದ ಪ್ಯಾಟ್ರಿಕ್ ಲೇಹಿ. ನಿಯಮದಲ್ಲಿ 60 ಎಂದು ಬರೆದಿರುವಾಗ ಅವರು ಬೇರೇನು ಹೇಳಿಯಾರು? ರೀಡ್ ಹೇಳಿದ್ದು ಸರಿಯಲ್ಲ ಎಂದು ರೂಲಿಂಗ್ ಕೊಟ್ಟರು. ರೀಡ್ ಅದರ ಮೇಲೆ ಸದನಕ್ಕೇ ಮೇಲ್ಮನವಿ ಮಾಡಿದರು. ಇಂಥ ಮೇಲ್ಮನವಿಗೆ ಸರಳ ಬಹುಮತ ಸಾಕು. ಪೀಠದ ತೀರ್ಪು ನಿಲ್ಲಬೇಕು ಎಂದವರು 48, ಬೇಡ ಎಂದವರು 52.

ಮುಗಿಯಿತು. 22ನೇ ನಿಯಮದ ಪುಟದಲ್ಲಿ ಐದನೇ ಮೂರು ಅಂತಲೇ ಇತ್ತು, ಇವತ್ತಿಗೂ ಹಾಗೇ ಇದೆ. ಆದರೆ ಅವತ್ತಿನಿಂದ ಆ ನೇಮಕಗಳ ಮಟ್ಟಿಗೆ ಅದನ್ನು ‘ಬಹುಮತ’ ಎಂದೇ ಓದಬೇಕು. ಇದನ್ನು ಅವರು ಪೂರ್ವನಿದರ್ಶನ ಎನ್ನುತ್ತಾರೆ. ನಾವು ಸಾಹಿತ್ಯದವರು ಹೇಳುವುದಾದರೆ, ಟೀಕೆ ಬಂದು ಮೂಲವನ್ನು ನುಂಗಿತು.

ರೀಡ್ ಅವರ ಪಕ್ಷದಲ್ಲೇ ಮೂವರು ಒಪ್ಪಲಿಲ್ಲ: ಕಾರ್ಲ್ ಲೆವಿನ್, ಜೋ ಮ್ಯಾಂಚಿನ್, ಮಾರ್ಕ್ ಪ್ರಯರ್. ಬಹುಮತವು ತನಗೆ ಬೇಕಾದಾಗಲೆಲ್ಲ ನಿಯಮ ಬದಲಿಸಬಹುದಾದರೆ ಆಮೇಲೆ ನಿಯಮ ಎನ್ನುವುದೇ ಉಳಿಯುವುದಿಲ್ಲ ಎಂಬುದು ಲೆವಿನ್ ಅವರ ವಾದದ ತಿರುಳು. ಅಲ್ಪಮತದ ನಾಯಕ ಮಿಚ್ ಮೆಕಾನಲ್, ನೀವು ಅಂದುಕೊಂಡದ್ದಕ್ಕಿಂತ ಬೇಗ ಪಶ್ಚಾತ್ತಾಪ ಪಡುತ್ತೀರಿ ಎಂಬರ್ಥದಲ್ಲಿ ಎಚ್ಚರಿಸಿದರು.

4. ಬಿಟ್ಟ ಬಾಗಿಲು

‘ಸುಪ್ರೀಂ ಕೋರ್ಟ್ ಬಿಟ್ಟು’ ಎಂದು ರೀಡ್ ಒಂದು ಬಾಗಿಲು ಮುಚ್ಚಿಯೇ ಇಟ್ಟಿದ್ದರು. ಆದರೆ ಅದರ ಕೀಲಿ ಮಾಡುವ ವಿಧಾನವನ್ನು ಎಲ್ಲರಿಗೂ ತೋರಿಸಿಕೊಟ್ಟಿದ್ದರು.

2014ರ ಚುನಾವಣೆಯಲ್ಲಿ ಸೆನೆಟ್ ರಿಪಬ್ಲಿಕನ್ನರ ಕೈಗೆ ಬಂತು. 2016ರ ಫೆಬ್ರವರಿಯಲ್ಲಿ ನ್ಯಾಯಮೂರ್ತಿ ಆಂಟನಿನ್ ಸ್ಕಾಲಿಯಾ ತೀರಿಕೊಂಡರು. ಒಬಾಮ ಮಾರ್ಚ್‌ನಲ್ಲಿ ಮೆರಿಕ್ ಗಾರ್ಲೆಂಡ್ ಅವರನ್ನು ಹೆಸರಿಸಿದರು. ಚುನಾವಣೆಯ ವರ್ಷ ಎಂಬ ಕಾರಣ ಕೊಟ್ಟು ಮೆಕಾನಲ್ ಒಂದು ವಿಚಾರಣೆಯನ್ನೂ ನಡೆಸಗೊಡಲಿಲ್ಲ. ಇದು ಫಿಲಿಬಸ್ಟರ್ ಅಲ್ಲ, ಬಹುಮತವೇ ಕೈಕಟ್ಟಿ ಕೂತದ್ದು. 2017ರಲ್ಲಿ ಅಧ್ಯಕ್ಷ ಟ್ರಂಪ್ ಅದೇ ಸ್ಥಾನಕ್ಕೆ ನೀಲ್ ಗೋರ್ಸಚ್ ಹೆಸರು ಕಳಿಸಿದರು. ಡೆಮಾಕ್ರಟರು ತಡೆದರು. ಏಪ್ರಿಲ್ 6ರಂದು ಕ್ಲೋಚರ್‌ಗೆ 55 ಮತ ಬಿತ್ತು, 60 ಆಗಲಿಲ್ಲ. ಮೆಕಾನಲ್ ಎದ್ದು ಕ್ರಿಯಾಲೋಪ ಎತ್ತಿದರು, ಪೀಠ ಒಪ್ಪಲಿಲ್ಲ, ಮೇಲ್ಮನವಿ, 48–52. ಸಂಖ್ಯೆ ಸಹ ಅದೇ! ಮರುದಿನ 54–45ರಲ್ಲಿ ಗೋರ್ಸಚ್ ಗೆದ್ದರು.

ಮುಂದಿನದು ನಿಮಗೆ ಗೊತ್ತು. 2018ರಲ್ಲಿ ಬ್ರೆಟ್ ಕ್ಯಾವನಾ 50–48. 2020ರ ಅಕ್ಟೋಬರ್ 26ರಂದು, ಅಧ್ಯಕ್ಷೀಯ ಚುನಾವಣೆಗೆ ಎಂಟೇ ದಿನ ಇರುವಾಗ, ಏಮಿ ಕೋನಿ ಬ್ಯಾರೆಟ್ 52–48. ನಾಲ್ಕು ವರ್ಷ ಹಿಂದೆ ಹೇಳಿದ ಚುನಾವಣಾ ವರ್ಷದ ವಾದ ಆಗ ಬಹುಮತಕ್ಕೆ ಅಡ್ಡ ಬರಲಿಲ್ಲ. ಈ ಮೂವರಲ್ಲಿ ಒಬ್ಬರೂ 60 ದಾಟಿರಲಿಲ್ಲ. 2022ರ ಜೂನ್ 24ರಂದು ಸುಪ್ರೀಂ ಕೋರ್ಟ್ ಗರ್ಭಪಾತದ ಹಕ್ಕು ಕುರಿತ 1973ರ ರೋ ತೀರ್ಪನ್ನು ರದ್ದು ಮಾಡಿದಾಗ ಮೂವರೂ ಬಹುಮತದಲ್ಲಿದ್ದರು. ಇನ್ನೊಂದು ಕಡೆ, ಅದೇ ವರ್ಷ ಬೈಡನ್ ಹೆಸರಿಸಿದ ಕೆಟಾಂಜಿ ಬ್ರೌನ್ ಜಾಕ್ಸನ್ ಬಂದದ್ದೂ 53–47ರಲ್ಲಿ. ಇದೇ ಸೆನೆಟ್ 1986ರಲ್ಲಿ ಸ್ಕಾಲಿಯಾ ಅವರನ್ನು 98–0, 1993ರಲ್ಲಿ ರೂತ್ ಬೇಡರ್ ಗಿನ್ಸ್‌ಬರ್ಗ್ ಅವರನ್ನು 96–3 ಮತದಿಂದ ಒಪ್ಪಿತ್ತು. ಎದುರು ಪಕ್ಷದವರ ಒಪ್ಪಿಗೆ ಬೇಕಾಗಿಲ್ಲ ಎಂದಾದ ಮೇಲೆ ಅವರಿಗೆ ಒಪ್ಪಿಗೆಯಾಗುವಂಥವರನ್ನು ಹುಡುಕುವ ಗರಜೂ ಇಲ್ಲ.

5. ನಮಗೆ ಎಂತ?

ತಪ್ಪು ಬರೀ ಬಹುಮತದ್ದು ಅಂತ ತೀರ್ಮಾನ ಮಾಡಲು ನಾನು ಹೊರಟಿದ್ದೆ. ಆದರೆ ದಾಖಲೆ ಓದುತ್ತಾ ಹೋದ ಹಾಗೆ ಅದು ಕಷ್ಟವಾಯಿತು. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಗಾಡಿ ಓಡಿಸಿದರೆ ಬ್ರೇಕು ಸವೆಯುತ್ತದೆ. 1991ರಲ್ಲಿ 48 ಜನ ಕಾಲೆತ್ತಿದ್ದರು, ಆದ್ದರಿಂದ ಬ್ರೇಕು ಉಳಿಯಿತು. 2003ರ ನಂತರ ಎರಡೂ ಪಕ್ಷಗಳು ತಮ್ಮ ಸರದಿ ಬಂದಾಗ ಒತ್ತಿಯೇ ಇಟ್ಟವು.

ಎರಡನೆಯದು ನಮಗೆ ಹತ್ತಿರದ ಮಾತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ದಿನ ಜಾರಿಗೆ ಬಂದ ಸಂವಿಧಾನದ ಏಳನೇ ತಿದ್ದುಪಡಿಯಿಂದ 350ಎ, 350ಬಿ ವಿಧಿಗಳು ಸೇರಿದವು: ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಸೌಲಭ್ಯ, ಅವರಿಗಾಗಿ ಒಬ್ಬ ವಿಶೇಷ ಅಧಿಕಾರಿ. ಇವನ್ನು ಅಳಿಸಬೇಕಾದರೆ ಸಂಸತ್ತಿನ ಎರಡೂ ಸದನಗಳಲ್ಲಿ ವಿಶೇಷ ಬಹುಮತ ಬೇಕು. ಇದು ಗಟ್ಟಿ ನೆಲ. ಇದರ ಮೇಲೆ ಸರ್ಕಾರಿ ಆದೇಶಗಳಿವೆ, ಅವನ್ನು ಬದಲಿಸಲು ಒಂದು ಸಹಿ ಸಾಕು. ಅದರ ಮೇಲೆ ರೂಢಿಗಳಿವೆ, ಅವಕ್ಕೆ ಸಹಿಯೂ ಬೇಡ, ಒಬ್ಬರು ಬೇರೆ ಥರ ಓದಿದರೆ ಸಾಕು. ನಮ್ಮ ದಿನನಿತ್ಯದ ಕನ್ನಡ, ಅರ್ಜಿ ನಮೂನೆ, ಬಸ್ಸಿನ ಬೋರ್ಡು, ಗಣಿತದ ಮೇಷ್ಟ್ರು, ಹೆಚ್ಚಾಗಿ ನಿಂತಿರುವುದು ಈ ಮೇಲಿನ ಎರಡು ಪದರಗಳಲ್ಲಿ. ಸೋಲಾಪುರದ, ತಾಳವಾಡಿಯ ಗೆಳೆಯರೂ ತಮ್ಮಲ್ಲಿ ಯಾವುದು ಯಾವ ಪದರದಲ್ಲಿದೆ ಎಂದು ಒಮ್ಮೆ ಪಟ್ಟಿ ಮಾಡಿ ನೋಡಬೇಕು ಎನ್ನುವುದು ನನ್ನ ವಿನಂತಿ.

ಚರ್ಚೆಯಿಂದ

ಪ್ರಶ್ನೆ (ಅಧ್ಯಾಪಕರೊಬ್ಬರು): ಹಾಗಾದರೆ ರೂಢಿಯ ಬಗ್ಗೆ ನಂಬಿಕೆಯೇ ಬೇಡ ಅಂತೀರಾ?

ಉತ್ತರ: ಇಲ್ಲ ಸರ್. 2021ರಲ್ಲಿ ಮಂಜೇಶ್ವರದ ಶಾಸಕ ಎ. ಕೆ. ಎಂ. ಅಶ್ರಫ್ ಕೇರಳ ವಿಧಾನಸಭೆಯಲ್ಲಿ ಕನ್ನಡದಲ್ಲಿ ಪ್ರಮಾಣವಚನ ತೆಗೆದುಕೊಂಡಾಗ ಮನೆಯಲ್ಲಿ ಎಲ್ಲರೂ ಟಿವಿ ಮುಂದೆ ಕೂತಿದ್ದೆವು. ಅಂಥ ರೂಢಿ ಬೇಕು. ಆದರೆ ಅದು ಯಾರೋ ಪ್ರತಿ ಸಲ ಎದ್ದು ನಿಂತು ಮಾಡುವುದರಿಂದ ಉಳಿಯುವಂಥದ್ದು. ‘ಪುಸ್ತಕದಲ್ಲಿ ಇದೆಯಲ್ಲ’ ಎಂದು ನಾವು ಸುಮ್ಮನೆ ಕೂತರೆ, ಪುಸ್ತಕದಲ್ಲಿ ಅದು ಇದ್ದೇ ಇರುತ್ತದೆ, 22ನೇ ನಿಯಮದ ಅರವತ್ತರ ಹಾಗೆ.