ಒಂದು ಯಂತ್ರ, ಎದುರಿಗೆ ಇಡೀ ಸೇನೆ

ಚದುರಂಗದಲ್ಲಿ ಹೊಡೆತ ತಿಂದ ಕಾಯಿ ಹಲಗೆಯಿಂದಲೇ ಆಚೆ. ಸುಲಭಕ್ಕೆ ಸಾಯದ ಯಂತ್ರವನ್ನು ಆಟಕ್ಕೆ ತರುವುದು ಹೇಗೆ? 1977ರಲ್ಲಿ ಅಮೆರಿಕದ ಸ್ಟೀವ್ ಜಾಕ್ಸನ್ ರೂಪಿಸಿದ ‘ಓಗರ್’ ಎಂಬ ಯುದ್ಧದಾಟ ಇದಕ್ಕೊಂದು ದಾರಿ ತೋರಿಸಿತು. ಒಬ್ಬ ಆಟಗಾರನಿಗೆ ಕಾಲಾಳು, ಟ್ಯಾಂಕು, ಫಿರಂಗಿಗಳ ಪಡೆ. ಇನ್ನೊಬ್ಬನಿಗೆ ತಾನೇ ಯೋಚಿಸಬಲ್ಲ ಒಂದೇ ಒಂದು ದೈತ್ಯ ಟ್ಯಾಂಕು.

ಜಾಣತನವೆಂದರೆ, ಜಾಕ್ಸನ್ ಅದರ ಬುದ್ಧಿಗೆ ನಿಯಮ ಬರೆಯಲು ಹೋಗಲಿಲ್ಲ. ಬುದ್ಧಿ ಆಟಗಾರನದ್ದೇ, ನಿಯಮವೆಲ್ಲ ದೇಹಕ್ಕೆ. ‘ಮಾರ್ಕ್ 3’ ಮಾದರಿಗೆ 5 ತೋಪು, 2 ಕ್ಷಿಪಣಿ, ಸರಪಳಿಚಕ್ರಕ್ಕೆ 45 ಅಂಕ. ಎದುರಾಳಿ ಯಾವ ಭಾಗಕ್ಕೆ ಗುರಿಯೆಂದು ಮೊದಲೇ ಹೇಳಿ ದಾಳ ಉರುಳಿಸಬೇಕು. ಚಕ್ರದ 15 ಅಂಕ ಹೋದಾಗಲೆಲ್ಲ ಅದರ ಮೂರು ಮನೆಯ ನಡೆಯಲ್ಲಿ ಒಂದು ಮನೆ ಕಡಿತ. ತೋಪು ಕೀಳುವುದೋ, ಕಾಲು ಮುರಿಯುವುದೋ? ಪೀಕಲಾಟ ಇಲ್ಲಿದೆ. ಏಕೆಂದರೆ ತೋಪುಗಳೆಲ್ಲ ಹೋದರೂ, ಚಕ್ರ ಉಳಿದಿದ್ದರೆ ಅದು ತೆವಳಿಕೊಂಡೇ ಬಂದು ಎದುರಾಳಿಯ ಆಜ್ಞಾಕೇಂದ್ರವನ್ನು ತುಳಿದುಹಾಕಬಹುದು.